ಎಡಗಡೆಯ ಕೆಂಪು ದಾರ

ಭಾನುವಾರ, ಬೆಳಗಿನ ಹೊತ್ತು

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಕ್ಷಮಿಸು. "ನೋಡೋಕೆ ಬರ್ತೀನಿ ಕಣೇ" ಎಂದು ನೀನು ಫೋನಿನಲ್ಲಿ ಹೇಳಿದಾಗಲೆಲ್ಲ "ಈಗ ಬೇಡ" ಎಂದು ತಳ್ಳಿಹಾಕುತ್ತಲೇ ಬಂದೆ. ನಿನಗೆ ಬೇಜಾರಾಗಿರುತ್ತದೆ. ಈ ಸಲ ನಾನೇ ಕರೆಯುತ್ತಿದ್ದೇನೆ, ಬಾ.

ತಲೆಯೊಳಗಿನ ಗೆಡ್ಡೆ ಪೂರ್ತಿ ಹೋಗಿದೆ, ಮತ್ತೆ ಬೆಳೆಯುವ ಲಕ್ಷಣವಿಲ್ಲ ಎಂದು ಡಾಕ್ಟರು ಮೊನ್ನೆ ಹೇಳಿದರು. ಹೊಲಿಗೆ ಹಾಕಿದ ಜಾಗವನ್ನು ಕೂದಲು ಮುಚ್ಚಿದೆ. ಆ ಹೊಲಿಗೆ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ದರ್ಜಿ ಅಂಗಡಿಯಲ್ಲಾಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ.

ಉಳಿದದ್ದು ಎಡಗಡೆಯ ತೊಂದರೆ. ಎಡಕ್ಕೆ ಏನಿದ್ದರೂ ನನಗೆ ಕಾಣುತ್ತಿರಲಿಲ್ಲ, ಕಾಣುತ್ತಿಲ್ಲ ಎಂಬುದೂ ತಿಳಿಯುತ್ತಿರಲಿಲ್ಲ. ಒಂದು ದಿನ ತಟ್ಟೆಯ ಬಲಭಾಗವನ್ನಷ್ಟೇ ಖಾಲಿ ಮಾಡಿ, "ಇಷ್ಟೇನಾ ಬಡಿಸೋದು? ಕಾಯಿಲೆಯವಳು ಅಂತ ಕನಿಕರ ಬೇಡ್ವಾ?" ಎಂದು ಇವರ ಮೇಲೆ ಹರಿಹಾಯ್ದೆ. ಇವರು ತಟ್ಟೆ ತಿರುಗಿಸಿಟ್ಟರು. ಅರ್ಧ ಊಟ ಹಾಗೇ ಕೂತಿತ್ತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅಭ್ಯಾಸ ಮಾಡಿಸಲು ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬರುತ್ತಾಳೆ. "ಮೇಜಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ. ಅದು ಕಾಣೋವರೆಗೂ ಕತ್ತು ತಿರುಗಿಸ್ತಾ ಇರಿ" ಎಂದಳು. ಪಟ್ಟಿ ಯಾಕೆ, ದರ್ಜಿಯ ಮನೆಯಲ್ಲಿ ದಾರಕ್ಕೆ ಬರವೇ? ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ಕೆಂಪು ದಾರ ಬಿಗಿದು ಕಟ್ಟಿದೆ. ಈಗ ಬಟ್ಟೆ ಹಾಸಿದ ಕೂಡಲೇ ದಾರ ಹುಡುಕುತ್ತೇನೆ, ಆಮೇಲೇ ಕತ್ತರಿ.

ಹಾಗೆ ಹೊಲಿದ ಮೊದಲ ಅಂಗಿ ಹಿಂದಿನ ಬೀದಿಯ ಮೇಷ್ಟ್ರದು. ಕಾಲರ್, ಭುಜ ಎಲ್ಲ ಅಚ್ಚುಕಟ್ಟು. ಎಡತೋಳಿಗೆ ಮಾತ್ರ ಗುಂಡಿಯೇ ಇಲ್ಲ. ದಾರ ಮೇಜಿಗೆ ಕಟ್ಟಿದ್ದೆ, ಮಷೀನಿಗೆ ಕಟ್ಟಿರಲಿಲ್ಲ ನೋಡು. ನನ್ನ ಮುಖ ಸಪ್ಪಗಾದದ್ದು ಕಂಡು ಮೇಷ್ಟ್ರು, "ಇರ್ಲಿ ಬಿಡಮ್ಮ, ನಾನು ತೋಳು ಮಡಿಸೋನೇ. ತಗೋ, ಇನ್ನೊಂದು ಅಂಗಿಗೆ ಬಟ್ಟೆ ತಂದಿದೀನಿ" ಎಂದರು. ಅಕ್ಕ, ಗುಂಡಿ ಮರೆತ ದರ್ಜಿಗೆ ಇನ್ನೊಂದು ಬಟ್ಟೆ ಯಾರು ಕೊಡುತ್ತಾರೆ? ಅವತ್ತಿಡೀ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಚೆನ್ನಾಗಿರಲಿ, ಅವರಿಗೆ ಚಿಕ್ಕಮ್ಮನ ತುಂಬು ಆಶೀರ್ವಾದ.

ಇಂತಿ,
ನಿನ್ನ ಮೊಂಡಿ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ನನಗೆ ಮುಖಗಳು ಗುರುತು ಸಿಗುವುದಿಲ್ಲ, ಅಕ್ಕ. ಕಣ್ಣು, ಮೂಗು ಎಲ್ಲ ಕಾಣುತ್ತವೆ, ಯಾರದೆಂದು ಹೊಳೆಯುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಗೋಡೆಯ ಮೇಲಿನ ಫೋಟೋ ತೋರಿಸಿ, "ಈ ಹೆಂಗಸು ಯಾರ್ರೀ?" ಎಂದು ಇವರನ್ನು ಕೇಳಿದೆ. ಅದು ನೀನು. ಎದುರಿಗೆ ಬಂದಾಗಲೂ ಹಾಗೇ ಕೇಳಿಬಿಟ್ಟರೆ ಎಂದು ಹೆದರಿ ಬೇಡ ಬೇಡ ಎನ್ನುತ್ತಿದ್ದೆ. ಇದು ಸರಿಹೋಗುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ದನಿಗಳು ಮಾತ್ರ ಒಂದೂ ಮರೆತಿಲ್ಲ. ಬಾಗಿಲಲ್ಲಿ ನಗುತ್ತಾ ಸುಮ್ಮನೆ ನಿಲ್ಲಬೇಡ. ಬೀದಿಯಿಂದಲೇ ನನ್ನನ್ನು ಬೈಯುತ್ತಾ ಬಾ.