ಕೆಂಪಿಯನ್ನು ಹಿಂದಕ್ಕೆ ತಳ್ಳಬೇಡಿ

ಹುಬ್ಬಳ್ಳಿ, ಉರಿಗಾಲದ ಎರಡನೆಯ ಅಮಾವಾಸ್ಯೆ
ನಿಮ್ಮ ಕ್ಯಾಲೆಂಡರಿನ ಲೆಕ್ಕದಲ್ಲಿ ೨೧೮೭ನೆಯ ಇಸವಿ

ಅಡಿವೆಪ್ಪಜ್ಜನವರಿಗೆ, ನಿಮ್ಮ ಮರಿಮೊಮ್ಮಗನ ಮೊಮ್ಮಗಳು ನೀಲವ್ವ ಮಾಡುವ ಶರಣು.

ಅಜ್ಜ ಎಂದು ಬರೆದೆನೇನೋ ನಿಜ, ಆದರೆ ಇದನ್ನು ಓದುವಾಗ ನಿಮಗೆ ನಲವತ್ತು ದಾಟಿರುತ್ತದೆ ಅಷ್ಟೇ. ನನಗೆ ಎಪ್ಪತ್ತು ಕಳೆದಿದೆ. ನಡುವೆ ಎಲ್ಲಾದರೂ ತಮ್ಮನನ್ನು ಬೈದಂತೆ ಬೈದರೆ ಸಿಟ್ಟಾಗಬೇಡಿ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಂಡಾವು. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರಿಲ್ಲ. ನಾವು ಆಡಿದ್ದನ್ನು ಗೋಡೆಯೇ ಕೇಳಿ ಇಟ್ಟುಕೊಳ್ಳುತ್ತದೆ. ನಾನು ಅಕ್ಷರ ಕಲಿತದ್ದು ನೀವು ಕಾರಿನ ಕೋಣೆಯಲ್ಲಿ ಬಿಟ್ಟುಹೋದ ಹಳೆಯ ಕ್ಯಾಲೆಂಡರುಗಳಿಂದ, ಎಣ್ಣೆ ಡಬ್ಬಿಗಳ ಮೇಲಿನ ಬರಹದಿಂದ. ಕಲಿಸಿದವರು ಯಾರೂ ಇಲ್ಲ. ತಪ್ಪಿದ್ದರೆ ಡಬ್ಬಿಗಳ ತಪ್ಪು ಅಂದುಕೊಳ್ಳಿ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟೀತೆಂದು ಕೇಳಬೇಡಿ. ಕೆಂಪಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುತ್ತೇನೆ. ಕೆಂಪಿ ಎಂದರೆ ನೀವು ಪುಣೆಯಲ್ಲಿ ನೋಡಿ ಮನಸೋತಿರುವ ಆ ಇಟಲಿಯ ಕೆಂಪು ಕಾರು. ಹಸುವಿಗೆ ಇಟ್ಟಂತೆ ಅದಕ್ಕೆ ಹೆಸರಿಟ್ಟವರು ನಿಮ್ಮ ಮೊಮ್ಮಕ್ಕಳು. ಹಿಂದಕ್ಕೆ ತಳ್ಳಿದರೆ ಎಷ್ಟು ಓಡಿದೆಯೆಂದು ಎಣಿಸುವ ಮೀಟರಿನ ಅಂಕಿಯೂ ಹಿಂದಕ್ಕೆ ಹೋಗುವ ಗಾಡಿ ಅದು. ಅಂಕಿ ಹೋಗುವುದಾದರೆ ಕಾಗದ ಯಾಕೆ ಹೋಗಬಾರದು?

ಮಾರುವವರು ನಿಮಗೆ ಏನು ಹೇಳಿದ್ದಾರೆಂಬುದು ನಮ್ಮ ಮನೆಯ ಕೂಸುಗಳಿಗೂ ಬಾಯಿಪಾಠ. ಐವತ್ತು ವರ್ಷದ ಗಾಡಿ, ಆದರೆ ಓಡಿಯೇ ಇಲ್ಲ. ಸೀಟಿನ ಚರ್ಮ ಮೊದಲಿನದೇ, ಬಣ್ಣ ಮೊದಲಿನದೇ. ಇಂಥದ್ದು ದೇಶದಲ್ಲಿ ಇನ್ನೊಂದಿಲ್ಲ. ಎಲ್ಲ ನಿಜ. ನೀವು ಹತ್ತಿ ಮಿಲ್ಲಿನ ಪಾಲು ಮಾರಿ ಅದನ್ನು ಕೊಳ್ಳುತ್ತೀರಿ. ದೂಳು ತಾಗಬಾರದೆಂದು ಲಾರಿಯ ಮೇಲೆ ಹೇರಿಸಿ, ರೇಷ್ಮೆ ಹೊದಿಸಿ ತರುತ್ತೀರಿ. ನಿಮ್ಮ ಹೆಂಡತಿ ಸುಲೋಚನಜ್ಜಿ ಮಲ್ಲಿಗೆಯ ದಂಡೆ ಮುಡಿದು, ಆರತಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. "ಒಂದ್ಸಲ ಉಣಕಲ್ ಕೆರಿತನಕ ಕರ್ಕೊಂಡು ಹೋಗ್ರಿ" ಎಂದು ಕೇಳುತ್ತಾರೆ. ನೀವು ಏನನ್ನುತ್ತೀರಿ ಗೊತ್ತೇ? "ಮೊದ್ಲ ಆ ಮಲ್ಲಿಗಿ ತಗೀ, ಚರ್ಮಕ್ಕ ಕಲಿ ಬೀಳ್ತದ." ಅಜ್ಜಿ ಹೂವು ತೆಗೆಯಲಿಲ್ಲ, ಕಾರಿನೊಳಗೆ ಕೂರಲೂ ಇಲ್ಲ, ಮತ್ತೆಂದೂ ಕೇಳಲೂ ಇಲ್ಲ. ಇದನ್ನು ನಮ್ಮ ಮನೆಯಲ್ಲಿ ನಿಮ್ಮ ನಿಷ್ಠೆಯ ಕಥೆಯೆಂದು ಹೇಳುತ್ತಾರೆ. ನನಗೆ ಅದು ಅಜ್ಜಿಯ ಕಥೆಯೆಂದೇ ಕೇಳಿಸುತ್ತದೆ.

ಈಗ ನಮ್ಮ ದಿನಚರಿ ಕೇಳಿ. ಪೆಟ್ರೋಲ್ ಎಂಬುದನ್ನು ನನ್ನ ಅಜ್ಜನೂ ಮೂಸಿ ನೋಡಿದವನಲ್ಲ. ನಾವು ಉರಿಗಾಲ ಎನ್ನುವುದು ನಿಮ್ಮ ಬೇಸಿಗೆಯನ್ನೇ. ಅದು ಈಗ ಶಿವರಾತ್ರಿಗೆ ಬಂದು ಕೂತರೆ ದಸರೆಯ ತನಕ ಏಳುವುದಿಲ್ಲ. ಕರೆಂಟು ಮನೆಮನೆಗೆ ಅಳೆದು ಕೊಡುತ್ತಾರೆ, ಅದಕ್ಕೆ ಬೆಳಕುಪಾಲು ಎನ್ನುತ್ತೇವೆ. ನಮ್ಮ ಮನೆಯ ಬೆಳಕುಪಾಲಿನ ಮುಕ್ಕಾಲು ಕೆಂಪಿಯದು. ಅವಳ ಕೋಣೆ ತಂಪಾಗಿರಬೇಕು, ಗಾಳಿಯಲ್ಲಿ ತೇವ ಇರಬಾರದು, ಇದ್ದರೆ ಚರ್ಮಕ್ಕೆ ಬೂಸು ಹಿಡಿಯುತ್ತದೆ. ಉಳಿದ ಪಾಲಿನಲ್ಲಿ ನಾವು ಒಂದು ಫ್ಯಾನಿನ ಕೆಳಗೆ ಸರದಿಯಲ್ಲಿ ಮಲಗುತ್ತೇವೆ. ಮನೆಯಲ್ಲಿ ಒಬ್ಬರು ಕಾಪಿನವರು. ಟೈರು ಒಂದೇ ಕಡೆ ಕೂತು ಚಪ್ಪಟೆಯಾಗದಂತೆ ಜಾಕ್ ಕೊಟ್ಟು ಗಾಲಿ ತಿರುಗಿಸುವುದು, ಇಲಿ ವೈರು ಕಡಿಯದಂತೆ ಕರ್ಪೂರ ಇಡುವುದು, ತೊಗಲಿಗೆ ಎಣ್ಣೆ ತಿಕ್ಕುವುದು ಅವರ ಜನ್ಮದ ಕೆಲಸ. ಕಾಪಿನವರು ಊರು ಬಿಡುವಂತಿಲ್ಲ.

ಇನ್ನು ಖಂಡೇನವಮಿಯ ಆಯುಧಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ದಾಟಿಸುವುದನ್ನು ನೀವು ತಪ್ಪಿಸಲಿಲ್ಲ. ಆದರೆ ಮುಂದಕ್ಕೆ ಹೋದರೆ ಅಂಕಿ ಏರೀತಲ್ಲ! ಅದಕ್ಕೆ ನಾಲ್ಕು ಜನ ಮುಂದಕ್ಕೆ ತಳ್ಳಿ ಹಣ್ಣು ಚಪ್ಪಟೆ ಮಾಡಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ತಳ್ಳುವ ಪದ್ಧತಿ ಹಾಕಿಕೊಟ್ಟಿರಿ. ಅಂದಿನಿಂದ ನಮ್ಮ ಮನೆಯ ಹಬ್ಬವೆಂದರೆ ಅದೇ. ಬಾಗಿಲ ತನಕ ಹೋಗುವುದು, ಬಂದಲ್ಲಿಗೆ ವಾಪಸು ಬರುವುದು. ನೀವು ಕೊಂಡ ದಿನ ಇದ್ದ ಅಂಕಿಯೇ ಇವತ್ತಿಗೂ ಇದೆ. ನೋಡಿ ಮೆಚ್ಚುವವರು, ಕೊಳ್ಳುವವರು ಇಲ್ಲವಾಗಿ ಎರಡು ತಲೆಮಾರು ಕಳೆದವು. ನಮಗೆ ಅದು ಗೊತ್ತಾಗಲಿಲ್ಲ, ಯಾಕೆಂದರೆ ನಾವು ಮೀಟರನ್ನು ಮಾತ್ರ ನೋಡುತ್ತಿದ್ದೆವು.

ನನಗೊಬ್ಬ ತಂಗಿಯಿದ್ದಳು, ತುಂಗವ್ವ. ಹಲ್ಲು ಉದುರಿ ಹೊಸ ಹಲ್ಲು ಬರುತ್ತಿದ್ದ ವಯಸ್ಸು. ಉರಿಗಾಲದಲ್ಲಿ ಬಿಸಿಜ್ವರ ಹತ್ತಿತು. ಮೈ ಕಾದು ಬೆವರು ನಿಂತುಹೋಗುವ ಈ ಜ್ವರಕ್ಕೆ ತಂಪು ಬಿಟ್ಟರೆ ಬೇರೆ ಔಷಧ ಇಲ್ಲ. ಅವ್ವ ಅವಳನ್ನು ಎತ್ತಿಕೊಂಡು ಕೆಂಪಿಯ ಕೋಣೆಗೆ ಓಡಿದಳು. ಆಗ ಅಪ್ಪ ಕಾಪಿನವನು. ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ, ಕೂಸಿನ ಉಸಿರು ತೊಗಲಿಗೆ ಹತ್ತತದ. ಪಡಸಾಲಿಯೊಳಗ ಹಸಿ ಬಟ್ಟಿ ಹಾಕು, ಸಾಕು" ಎಂದ. ಅಪ್ಪ ಕೆಟ್ಟವನಲ್ಲ, ಅಜ್ಜಾ. ಅವನಿಗೆ ಅವನಪ್ಪ ಹೇಳಿಕೊಟ್ಟದ್ದು, ಅವನಪ್ಪನಿಗೆ ಅವನಪ್ಪ ಹೇಳಿಕೊಟ್ಟದ್ದು, ಹೀಗೆ ನಿಮ್ಮಿಂದಲೇ ಹರಿದು ಬಂದಿತ್ತು. ತುಂಗವ್ವ ಪಡಸಾಲೆಯಲ್ಲೇ ಹೋದಳು. ಗೋಡೆಯ ಆಚೆ ಬದಿಗೆ ಯಂತ್ರ ಗುಂಯ್ ಎನ್ನುತ್ತ ತಂಪು ಸುರಿಯುತ್ತಲೇ ಇತ್ತು. ಅಪ್ಪ ಮರುದಿನ ಎದ್ದು ಕೆಂಪಿಗೆ ಎಣ್ಣೆ ತಿಕ್ಕಿದ.

ಇವತ್ತು ಮಧ್ಯಾಹ್ನ ನನ್ನ ಮೊಮ್ಮಗಳು ಹೊನ್ನಿಗೆ ಅದೇ ಜ್ವರ ಬಂತು. ಬಾಯಿ ಜೋರಿನ ಹುಡುಗಿ. ಮುಂದಿನ ಖಂಡೇನವಮಿಯಿಂದ ಅವಳಿಗೆ ಕಾಪಿನ ಕೆಲಸ ಕಲಿಸಬೇಕೆಂದು ಮನೆಯವರು ಮಾತಾಡಿಕೊಂಡಾಗ, "ಓಡದ ಗಾಡಿಗೆ ಗಾಲಿ ಯಾಕ ಬೇಕ ಆಯಿ? ಬಿಚ್ಚಿ ನನಗ ಜೋಕಾಲಿ ಕಟ್ಟಿಕೊಡು" ಎಂದು ನನ್ನನ್ನು ನಗಿಸಿದ್ದಳು. ಜ್ವರ ಏರಿದ ಮೇಲೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಎತ್ತಿಕೊಂಡು ಕೆಂಪಿಯ ಕೋಣೆಗೆ ನಡೆದೆ. ಮಗ ಸಿದ್ಧಲಿಂಗ, ಅವಳ ಹೆತ್ತಪ್ಪ, ಈಗಿನ ಕಾಪಿನವನು, ಬಾಗಿಲಲ್ಲಿದ್ದ. "ಅವ್ವಾ, ಉಸಿರು..." ಎಂದು ಬಾಯಿ ತೆರೆದ. "ಉಸಿರು ಇನ್ನೂ ಅದ, ಅದಕ್ಕ ತಂದೇನಿ. ಆಚಿ ಸರಿ" ಎಂದೆ. ಅವನು ಪಕ್ಕಕ್ಕೆ ಸರಿದು, ತಾನೇ ಕಾರಿನ ಬಾಗಿಲು ತೆಗೆದು ಕೊಟ್ಟ.

ಅಜ್ಜಾ, ನಾನು ಈಗ ಚಾಲಕನ ಸೀಟಿನಲ್ಲಿ ಕೂತು, ಸ್ಟಿಯರಿಂಗಿಗೆ ಹಲಗೆ ಆನಿಸಿ ಬರೆಯುತ್ತಿದ್ದೇನೆ. ಹೊನ್ನಿ ಪಕ್ಕದ ಸೀಟಿನಲ್ಲಿ ಮಲಗಿದ್ದಾಳೆ. ಈಗಷ್ಟೇ ಅವಳ ಹಣೆಯಲ್ಲಿ ಬೆವರು ಒಡೆಯಿತು. ಐದು ತಲೆಮಾರು ಯಾರೂ ಕೂರದ ನಿಮ್ಮ ಇಟಲಿಯ ಚರ್ಮದ ಮೇಲೆ ಅಂಗೈಯಗಲ ಕಲೆ ಬಿದ್ದಿದೆ. ನಾನು ಒರೆಸಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಕಾರು ಕೊಳ್ಳಬೇಡಿ ಎಂದರೆ ನೀವು ಕೇಳುವವರಲ್ಲ, ಕೊಳ್ಳಿ. ಆದರೆ ಲಾರಿ ಕರೆಸಬೇಡಿ. ಸುಲೋಚನಜ್ಜಿಯನ್ನು ಪುಣೆಗೆ ಕರೆಸಿಕೊಂಡು, ಹೂವು ಮುಡಿದೇ ಪಕ್ಕಕ್ಕೆ ಕೂರಿಸಿಕೊಂಡು, ನಿಪ್ಪಾಣಿ, ಬೆಳಗಾವಿ, ಕಿತ್ತೂರು ದಾಟಿ ನೀವೇ ಓಡಿಸಿಕೊಂಡು ಬನ್ನಿ. ದೂಳು ಹತ್ತಲಿ. ಅಂಕಿ ಏರಲಿ. ಉಣಕಲ್ ಕೆರೆಗೆ ದಿನಾ ಹೋಗಿ. ಓಡಿ ಓಡಿ ಅದು ಸವೆದು, ನಿಮ್ಮ ಮಕ್ಕಳ ಕಾಲಕ್ಕೆ ಗುಜರಿಗೆ ಹೋಗಲಿ. ಖಂಡೇನವಮಿಯ ದಿನ ನಿಂಬೆಹಣ್ಣಿನ ಮೇಲೆ ಹಾಯಿಸಿ ಹಾಗೇ ಬೀದಿಗೆ ಹೋಗಿಬಿಡಿ. ಹಿಂದಕ್ಕೆ ಮಾತ್ರ ತಳ್ಳಬೇಡಿ.

ನೀವು ಹಾಗೆ ಮಾಡಿದರೆ ಈ ಕಾಗದ ಇಡಲು ಕೆಂಪಿ ಇರುವುದಿಲ್ಲ, ಕಾಗದವೂ ಇರುವುದಿಲ್ಲ. ಇದನ್ನು ಬರೆದ ಮುದುಕಿ ಬೇರೆ ಯಾವಳೋ ಆಗಿರುತ್ತಾಳೆ, ಅಕ್ಷರವೂ ಬಾರದವಳು. ಇರಲಿ. ಅವಳ ಪಕ್ಕದಲ್ಲಿ ಅವಳಷ್ಟೇ ಮುದುಕಿಯಾದ ತುಂಗವ್ವ ಕೂತು ಜಗಳ ಆಡುತ್ತಿರುತ್ತಾಳೆ.

ನಿಮ್ಮ ನೀಲವ್ವ