ಅಜ್ಜಿ ಸೋಸಿ ಕೊಟ್ಟ ನೀರು

ಬೆಂಗಳೂರು, ೧೨-೫-೧೯೬೬

ಅಳದಂಗಡಿಯ ಅಜ್ಜಿಗೆ ಅನಂತಮತಿಯ ನಮಸ್ಕಾರ.

ಬೇಸಿಗೆ ರಜೆಯ ಸಂಶೋಧನಾ ತರಬೇತಿಗೆ ಬಂದ ಹೈಸ್ಕೂಲು ಮಕ್ಕಳಿಗೆಲ್ಲ ನಿನ್ನೆ ಒಂದೊಂದು ಸೂಕ್ಷ್ಮದರ್ಶಕ ಕೊಟ್ಟರು. ದಾರಿಗೆಂದು ನೀವು ಬಟ್ಟೆಯಲ್ಲಿ ಸೋಸಿ ಕೊಟ್ಟ ಬಾವಿನೀರಿನ ಒಂದು ಹನಿ ಇಟ್ಟು ನೋಡಿದೆ. ಅದರಲ್ಲಿ ಜೀವಗಳು ಓಡಾಡುತ್ತಿದ್ದವು.

“ನೋಡಿದ್ದಾಯ್ತಲ್ಲ, ಚೆಲ್ಲಿಬಿಡಮ್ಮ,” ಎಂದರು ಪ್ರೊಫೆಸರರು.

“ಚೆಲ್ಲುವ ಹಾಗಿಲ್ಲ ಸರ್. ಸೋಸುವಾಗ ಬಟ್ಟೆಯಲ್ಲಿ ಸಿಕ್ಕಿದ ಜೀವವನ್ನು ಅದೇ ಬಾವಿಗೆ ಬಿಡುವ ಕ್ರಮ ಉಂಟು ನಮ್ಮ ಜೈನರಲ್ಲಿ,” ಎಂದೆ. ಹನಿಯನ್ನು ಬಾಟ್ಲಿಗೇ ಸೇರಿಸಿದೆ, ಬರುವಾಗ ತರುತ್ತೇನೆ.

ಆರೋಗ್ಯ ಚೆನ್ನಾಗಿದೆ. ಹಾಸ್ಟೆಲಿನ ಅಡುಗೆಯವರು ನನಗೊಬ್ಬಳಿಗೆ ಹೊತ್ತು ಮುಳುಗುವ ಮೊದಲೇ ಬಡಿಸುತ್ತಾರೆ.

ಘಟ್ಟ ಹತ್ತುವಾಗ ಬಾಯಾರಿ ಅರ್ಧ ಬಾಟ್ಲಿ ಕುಡಿದಿದ್ದೆ, ಅಜ್ಜಿ. ಆ ಅರ್ಧವನ್ನು ಯಾವ ಬಾವಿಗೆ ಬಿಡಲಿ?

ನಿಮ್ಮ ಮೊಮ್ಮಗಳು