ಗೋಡೆ ಕೆಡವಿದ ತರಗತಿ

ಕೊಯಿವುಲಾಹ್ತಿ, ಫಿನ್‌ಲ್ಯಾಂಡ್
10 ಫೆಬ್ರುವರಿ 2019, ಭಾನುವಾರ

ಪ್ರೀತಿಯ ರಾಕೆಲ್,

ನಿನ್ನ ಕ್ರಿಸ್‌ಮಸ್ ಪತ್ರಕ್ಕೆ ಫೆಬ್ರುವರಿಯಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ನನಗೆ ಸಲ್ಲಬೇಕಾದದ್ದೇ. ಸೊಂಟದ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ಸಮಾಧಾನವಾಯಿತು. ಕೋಲು ಹಿಡಿದೇ ಓಡಾಡು. ನಿನ್ನ ಹಟ ನನಗೆ ಗೊತ್ತಿಲ್ಲವೇ?

ಚಳಿಯಲ್ಲಿ ಸಿಕ್ಕಿಕೊಂಡ ಮಗುವಿನ ಸುದ್ದಿ ಓದಿರುತ್ತೀಯ, ಪತ್ರಿಕೆಯಲ್ಲಿ ಶಾಲೆಯ ಹೆಸರು ಹಾಕಿರಲಿಲ್ಲ. ಹೌದು, ನಮ್ಮದೇ. ನೀನೂ ನಾನೂ ಹದಿನೆಂಟು ವರ್ಷ ಅಕ್ಕಪಕ್ಕದ ಕೋಣೆಗಳಲ್ಲಿ ಪಾಠ ಮಾಡಿದ ಶಾಲೆ. ನಡುವಿನ ಗೋಡೆಯನ್ನು ಮುಂದೆ ನಿಂತು ಕೆಡವಿಸಿದವಳು ನಾನು.

ಆಗ ನೀನು, "ಗೋಡೆ ಬೀಳಿಸ್ತೀಯ, ಡೆಸ್ಕು ತೆಗೀತೀಯ, ಸರಿ. ಗಲಾಟೆ ತಡೆಯೋಕಾಗದ ಮಗು ಎಲ್ಲಿಗೆ ಹೋಗ್ಬೇಕು, ಹಿಲ್ಲೆವಿ?" ಎಂದಿದ್ದೆ. "ನಿಂಗೆ ವಯಸ್ಸಾಯ್ತು ಬಿಡು" ಎಂದಿದ್ದೆ ನಾನು. ಆ ವರ್ಷವೇ ನೀನು ನಿವೃತ್ತಿ ತೆಗೆದುಕೊಂಡೆ.

ಡೆಸ್ಕುಗಳ ಜಾಗಕ್ಕೆ ದಿಂಬುಗಳು ಬಂದವು, ಏಣಿ ಹತ್ತಿ ಕೂರುವ ಅಟ್ಟಣಿಗೆ, ಕಿಟಕಿಯ ಪಕ್ಕ ಓದುವ ಗೂಡುಗಳು, ಹೆಜ್ಜೆಯ ಸದ್ದು ಕೇಳಿಸದ ದಪ್ಪ ಜಮಖಾನ. ಯಾರಿಗೂ ಇದೇ ನನ್ನ ಜಾಗ ಎಂಬುದಿಲ್ಲ. ಪ್ರತಿ ಮಗುವೂ ತಾನೇ ಜಾಗ ಆರಿಸಿಕೊಳ್ಳಬೇಕು. ಸುಳ್ಳೇಕೆ ಹೇಳಲಿ, ಚೆಂದವಿತ್ತು. ಮಕ್ಕಳು ಬೆಳಿಗ್ಗೆ ಓಡಿ ಬರುತ್ತಿದ್ದರು. ದೇಶದ ಮೂಲೆಮೂಲೆಯಿಂದ ಜನ ನೋಡಲು ಬಂದರು, ನಾನೂ ಉಬ್ಬಿಹೋದೆ.

ಎರಡನೆಯ ತರಗತಿಯ ಸೈಮಿಗೆ ಮಾತ್ರ ಅದು ಆಗಿಬರಲಿಲ್ಲ. ಕಿವಿ ಮುಚ್ಚಿಕೊಂಡೇ ಓದುತ್ತಿದ್ದಳು. ಜನವರಿಯ ಒಂದು ಗುರುವಾರ, ಬಟಾಣಿ ಸೂಪಿನ ಊಟವಾದ ಮೇಲೆ, ಪುಸ್ತಕ ಹಿಡಿದು ಹಿಂಬಾಗಿಲಿನಿಂದ ಸ್ಕೀ ಇಡುವ ಶೆಡ್ಡಿಗೆ ಹೋದಳು. ಕಾಲಲ್ಲಿ ಬರೀ ಉಣ್ಣೆಯ ಕಾಲುಚೀಲ. ಹೊರಗೆ ಮೈನಸ್ ಹತ್ತೊಂಬತ್ತು. ಶೆಡ್ಡಿನ ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ಹೆಪ್ಪುಗಟ್ಟಿದ ಅಗುಳಿ ಅವಳ ಕೈಗೆ ಬಗ್ಗಲಿಲ್ಲ.

ಜೆರೆ ಗೊತ್ತಲ್ಲ, ನಿನ್ನ ಜಾಗಕ್ಕೆ ಬಂದ ಮೇಷ್ಟ್ರು. ಸೈಮಿ ಕಾಣದಿದ್ದಾಗ ಅವನು ಮುಂಬಾಗಿಲಿಗೆ ಹೋಗಿ ನೋಡಿದ. ಅವಳ ಬೂಟು ಸಾಲಿನಲ್ಲೇ ಇತ್ತು. ಬೂಟು ಇದ್ದರೆ ಮಗು ಒಳಗಿದೆ, ನಾವೆಲ್ಲ ನೋಡುವುದು ಹಾಗೆಯೇ ಅಲ್ಲವೇ? "ನಿನ್ನ ಹತ್ರ ಅಟ್ಟಣಿಗೇಲಿ ಇದಾಳೆ ಅಂದ್ಕೊಂಡೆ" ಎನ್ನುತ್ತಾನೆ. ಒಂದೂವರೆ ಗಂಟೆಯ ಮೇಲೆ ಅವಳನ್ನು ಹುಡುಕಿ ಹೊತ್ತು ತಂದವನೂ ಅವನೇ.

ಸೈಮಿ ಉಳಿದಳು. ಎಡಗಾಲಿನ ನಾಲ್ಕು ಬೆರಳು ತೆಗೆದರು.

ಬರುವ ಗುರುವಾರ ಪುರಸಭೆಯಲ್ಲಿ ವಿಚಾರಣೆ. ಸೈಮಿಯ ಹೆಸರಿದ್ದದ್ದು ಜೆರೆಯ ಹಾಜರಿ ಪಟ್ಟಿಯಲ್ಲಿ, ಹಾಗಾಗಿ ತಲೆದಂಡ ಅವನದೇ. ಅವನಿಗಿನ್ನೂ ಇಪ್ಪತ್ತಾರು ವರ್ಷ. ಮೊನ್ನೆ ಕಾಫಿ ಮುಂದಿಟ್ಟುಕೊಂಡು, "ಯಾರ್ಗೂ ಹೇಳ್ದೆ ಯಾಕೆ ಹೋದ್ಲು, ಹಿಲ್ಲೆವಿ? ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ಬೆನ್ನು ಸವರಿದೆ.

ಗೋಡೆ ಕೆಡವುವಾಗ ನೀನು ಬರೆದುಕೊಟ್ಟ ಆಕ್ಷೇಪಣೆ ಕಡತದಲ್ಲಿದೆ, ನಿನ್ನನ್ನೂ ಕರೆಯುತ್ತಾರೆ. ತಪ್ಪು ಆ ಕೋಣೆಯದು, ಜೆರೆಯದಲ್ಲ ಎಂದು ಹೇಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನನ್ನನ್ನು ಹಂಗಿಸು, ಪರವಾಗಿಲ್ಲ.

ನಿನ್ನ ಸೊಂಟ ಬೇಗ ಗಟ್ಟಿಯಾಗಲಿ. ಈ ಸಲದ ಬಿಸಿಲು ಮೊದಲು ನಿನ್ನ ಕಿಟಕಿಗೇ ಬರಲಿ.

ನಿನ್ನ
ಹಿಲ್ಲೆವಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಸೈಮಿ ಹೇಳಿಯೇ ಹೋಗಿದ್ದಳು, ರಾಕೆಲ್. ನನಗೇ ಹೇಳಿದ್ದಳು. ಆವತ್ತು ಪರ ಊರಿನ ಆರು ಮಂದಿಗೆ ನಾನು ಅಟ್ಟಣಿಗೆ ತೋರಿಸುತ್ತಿದ್ದೆ. ಅವಳು ತೋಳು ಎಳೆದು, "ಹಿಲ್ಲೆವಿ, ಸದ್ದಿಲ್ದಿರೋ ಕಡೆ ಹೋಗ್ಲಾ?" ಎಂದಳು. ನಾನು ತಿರುಗಿಯೂ ನೋಡದೆ, ಬಂದವರಿಗೆ ಕೇಳುವಂತೆ, "ಅದನ್ನೇನು ಕೇಳ್ತೀಯ ಮರಿ, ಇಲ್ಲಿ ಜಾಗ ಆರಿಸೋದು ನೀನೇ" ಎಂದೆ. ಅವರು ಮೆಚ್ಚಿ ತಲೆದೂಗಿದರು.

ಆಸ್ಪತ್ರೆಯಲ್ಲಿ ಅವಳ ತಾಯಿ, "ಹಿಲ್ಲೆವೀನೇ ಹೋಗು ಅಂದ್ಲು ಅಂತಾಳಲ್ಲ, ನಿಜಾನಾ?" ಎಂದು ಕೇಳಿದಳು. "ಜ್ವರದಲ್ಲಿ ಕನವರಿಸ್ತಿರ್ಬೇಕು" ಎಂದುಬಿಟ್ಟೆ.

ಗುರುವಾರ ನನಗೆ ಬಾಯಿ ಬರದಿದ್ದರೆ ಈ ಕಾಗದವನ್ನೇ ಅವರ ಮುಂದಿಡು. ಯಾಕೆಂದರೆ ನಿನ್ನೆ ಸೈಮಿಯ ಕಾಗದ ಬಂದಿದೆ, ಪೆನ್ಸಿಲ್ಲಿನ ದಪ್ಪ ಅಕ್ಷರದಲ್ಲಿ: "ಹಿಲ್ಲೆವಿ, ನಿನ್ನ ಮೇಲೆ ಸುಳ್ಳು ಹೇಳಿದೆ. ತಪ್ಪಾಯ್ತು. ಇನ್ನು ಹೇಳಲ್ಲ."